ಚಿಕ್ಕಬೆಟ್ಟದ ಶಾಸನಗಳಲ್ಲಿ ‘ಮುಡಿಪು’

ಹಾಸನ, ಹೊಳೆನರಸೀಪುರ, ಅರಕಲಗೂಡು ಸೀಮೆಯ ಮನೆಗಳಲ್ಲಿ ‘ಮುಡಿಪು’ ಎಂದರೆ ದೇವರಿಗೆಂದು ಹರಕೆ ಹೊತ್ತು ಬಟ್ಟೆಯಲ್ಲಿ ಕಟ್ಟಿಟ್ಟ ಕಾಣಿಕೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಿಕ್ಕಬೆಟ್ಟದ 7ನೆಯ ಶತಮಾನದ ಶಾಸನಗಳಲ್ಲಿ ಬರುವ ‘ನೋಂತು ಮುಡಿಪ್ಪಿದರ್’ ಎಂಬ ಪ್ರಯೋಗಕ್ಕೆ ಈ ಅರ್ಥವನ್ನು ಹಚ್ಚಿದರೆ, ಮುನಿಗಳೂ ಕಂತಿಯರೂ ದೇಹವನ್ನು ದೇವರಿಗೆ ಒಪ್ಪಿಸಿದರೆಂದಾಗುತ್ತದೆ. ಇದು ಸಾಧುವಲ್ಲ. ಇಲ್ಲಿಯ ‘ಮುಡಿ’ ಧಾತುವಿಗೆ ಮುಗಿ, ಕೊನೆಗಾಣು ಎಂದರ್ಥ. ಕೈಕೊಂಡ ವ್ರತವನ್ನು ಕಡೆಮುಟ್ಟಿಸಿದರು ಎಂಬುದೇ ತಾತ್ಪರ್ಯ. ಕೊಡುವವನೂ ಕೊಳ್ಳುವವನೂ ಇಲ್ಲದ ಕಡೆ ಬಲಿಯ ಮಾತೆಲ್ಲಿ? ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಧರ್ಮಾರ್ಥವಾಗಿ ಶರೀರವನ್ನು ಬಿಡುವುದೇ ಸಲ್ಲೇಖನವೆಂದು ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಹೇಳುತ್ತದೆ. ಸನ್ಯಸನ, ಸಮಾಧಿ, ಆರಾಧನೆ ಎಂಬ ಪದಗಳೂ ಅದೇ ಬೆಟ್ಟದ ಶಾಸನಗಳಲ್ಲಿವೆ. ಅಲ್ಲಿ ಆರಾಧನೆಯೆಂದರೆ ಪೂಜೆಯಲ್ಲ. ದರ್ಶನ, ಜ್ಞಾನ, ಚಾರಿತ್ರ, ತಪಗಳೆಂಬ ನಾಲ್ಕರ ಸಾಧನೆ.