ತುರ್ಕಿಯ ವಸ್ತುಸಂಗ್ರಹಾಲಯಗಳೂ ಅಳಿದ ನುಡಿಗಳೂ

ವಸ್ತುಸಂಗ್ರಹಾಲಯವನ್ನು ಹೊಕ್ಕವರಲ್ಲಿ ಬಹುಮಂದಿ ವಸ್ತುಗಳನ್ನು ನೋಡುತ್ತಾರೆ. ಅವುಗಳ ಕೆಳಗಣ ಚೀಟಿಯನ್ನು ಓದುವವರು ಕೆಲವರು ಮಾತ್ರ. ಚಿನ್ನದ ಒಡವೆಯಾಗಲಿ ಅಮೃತಶಿಲೆಯ ವಿಗ್ರಹವಾಗಲಿ ಮೊದಲು ಕಣ್ಣನ್ನು ಸೆಳೆಯುವುದು ಸಹಜವೇ ಆಗಿದೆ. ಆದರೆ ವಸ್ತುವಿಗೆ ಬಾಯಿಲ್ಲ. ಅದು ಯಾವ ನೆಲದಲ್ಲಿ ದೊರೆಯಿತು, ಅದನ್ನು ಮಾಡಿದವರಾರು, ಅವರು ಆಡುತ್ತಿದ್ದ ನುಡಿ ಯಾವುದು ಎಂಬುದನ್ನು ನಮಗೆ ತಿಳಿಸುವುದು ಆ ಸಣ್ಣ ಚೀಟಿಯೇ. ಚೀಟಿಯು ದಿಟವಾಗಿದ್ದರೆ ವಸ್ತು ಚರಿತ್ರೆಯಾಗುವುದು. ಚೀಟಿ ತಪ್ಪಿದರೆ ಅದೇ ವಸ್ತು ಬರಿಯ ಅಲಂಕಾರವಾಗಿ ಉಳಿಯುವುದು. ಈ ಮಾತನ್ನು ತುರ್ಕಿ ದೇಶದ ಸಂಗ್ರಹಾಲಯಗಳಷ್ಟು ಚೆನ್ನಾಗಿ ಮನಗಾಣಿಸುವ ಸ್ಥಳಗಳು ವಿರಳ. ಆದುದರಿಂದ ಇಸ್ತಾಂಬುಲ್, ಅಂಕಾರಾ, ಉಶಾಕ್ ಎಂಬ ಮೂರು ನಗರಗಳ ಸಂಗ್ರಹಾಲಯಗಳನ್ನು ನಾವು ಈ ಲೇಖನದಲ್ಲಿ ಸಂದರ್ಶಿಸೋಣ.

ತುರ್ಕಿಯ ಏಷ್ಯಾ ಭಾಗಕ್ಕೆ ಅನತೋಲಿಯಾ ಎಂದು ಹೆಸರು. ತುರ್ಕರು ಅಲ್ಲಿ ಹೆಚ್ಚಾಗಿ ನೆಲಸತೊಡಗಿದುದು ಕ್ರಿ.ಶ. ಹನ್ನೊಂದನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ಬೈಜಾಂಟೈನರು, ಅವರಿಗಿಂತ ಮುಂಚೆ ರೋಮನರು, ಗ್ರೀಕರು, ಲಿಡಿಯನರು, ಫ್ರಿಜಿಯನರು, ಹಿಟ್ಟೈಟರು ಆ ನೆಲದಲ್ಲಿ ಆಳಿದರು, ಬಾಳಿದರು. ಹಿಂದಿನವರ ನುಡಿಯನ್ನೇ ಮುಂದಿನವರೆಲ್ಲರೂ ಆಡಲಿಲ್ಲ. ಹಿಂದಿನವರ ದೇವರನ್ನೇ ಮುಂದಿನವರೆಲ್ಲರೂ ಪೂಜಿಸಲಿಲ್ಲ. ಇಂತಹ ನೆಲದಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಏನಾದರೊಂದು ದೊರೆಯುವುದು ಆಶ್ಚರ್ಯವಲ್ಲ. ದೊರೆತುದು ಯಾರ ಸೊತ್ತೆಂದು ಗುರುತಿಸುವುದೇ ಕಷ್ಟದ ಕೆಲಸ.

ಇಸ್ತಾಂಬುಲ್ ನಗರದಲ್ಲಿ ಪುರಾತನ ವಸ್ತುಗಳನ್ನು ಕೂಡಿಡುವ ಕಾರ್ಯವು 1846ರಲ್ಲಿ ಅಯಾ ಇರಿನಿ ಎಂಬ ಹಳೆಯ ಚರ್ಚಿನ ಕಟ್ಟಡದಲ್ಲಿ ಆರಂಭವಾಯಿತು. ಆದರೆ ಅದಕ್ಕೆ ನಿಜವಾದ ರೂಪವನ್ನು ಕೊಟ್ಟವರು 1881ರಲ್ಲಿ ಅಧ್ಯಕ್ಷರಾದ ಉಸ್ಮಾನ್ ಹಮ್ದಿ ಬೇ ಅವರು. ಇವರು ಒಳ್ಳೆಯ ಚಿತ್ರಕಾರರೂ ಆಗಿದ್ದರು. ಆ ಕಾಲಕ್ಕೆ ಯೂರೋಪಿನ ವಿದ್ವಾಂಸರು ಅನತೋಲಿಯಾದಲ್ಲಿ ಅಗೆದು, ಸಿಕ್ಕಿದ್ದನ್ನು ಹಡಗು ತುಂಬಿ ಕೊಂಡೊಯ್ಯುತ್ತಿದ್ದರು. ಪೆರ್ಗಮಾನ್ ಬೆಟ್ಟದ ಮೇಲಣ ಮಹಾವೇದಿಕೆಯ ಶಿಲ್ಪಗಳು 1878ರಿಂದ ಮೊದಲ್ಗೊಂಡು ಬರ್ಲಿನ್ ನಗರವನ್ನು ಸೇರಿದುದು ಹೀಗೆಯೇ. ಹಮ್ದಿ ಬೇ ಅವರ ಪ್ರಯತ್ನದಿಂದ 1884ರಲ್ಲಿ ಹೊಸದೊಂದು ಕಾಯಿದೆ ಜಾರಿಗೆ ಬಂದು, ಪುರಾತನ ವಸ್ತುಗಳನ್ನು ದೇಶದಿಂದ ಹೊರಕ್ಕೆ ಸಾಗಿಸುವುದು ನಿಷಿದ್ಧವಾಯಿತು. ಮುಂದೆ 1891ರಲ್ಲಿ ಇಂದಿನ ಭವ್ಯ ಕಟ್ಟಡದ ಬಾಗಿಲು ಜನರಿಗೆ ತೆರೆಯಿತು.

ಆ ಕಟ್ಟಡವನ್ನು ಕಟ್ಟಬೇಕಾಗಿ ಬಂದುದಕ್ಕೆ ಮುಖ್ಯ ಕಾರಣ ಸಿಡಾನ್ ಎಂಬ ಪಟ್ಟಣದ ರಾಜಸಮಾಧಿಗಳು. 1887ರಲ್ಲಿ ಅಲ್ಲಿ ನೆಲದಡಿಯ ಕೋಣೆಗಳಿಂದ ಹಮ್ದಿ ಬೇ ಅವರು ಹೊರತೆಗೆದ ಶಿಲೆಯ ಶವಪೆಟ್ಟಿಗೆಗಳು ಇಂದಿಗೂ ಈ ಸಂಗ್ರಹಾಲಯದ ಕಿರೀಟಪ್ರಾಯವಾಗಿವೆ. ಅವುಗಳಲ್ಲಿ ಹೆಚ್ಚು ಹೆಸರಾದುದು ಅಲೆಕ್ಸಾಂಡರನ ಶವಪೆಟ್ಟಿಗೆ. ಅದರ ಮಗ್ಗುಲಲ್ಲಿ ಕುದುರೆಯನ್ನೇರಿದ ಅಲೆಕ್ಸಾಂಡರನು ಪಾರಸಿಕರೊಡನೆ ಕಾದುತ್ತಿದ್ದಾನೆ; ಅಂದು ಬಳಿದ ಬಣ್ಣದ ಗುರುತುಗಳು ಕಲ್ಲಿನ ಮೇಲೆ ಇನ್ನೂ ಅಲ್ಲಲ್ಲಿ ಉಳಿದಿವೆ. ಹೆಸರನ್ನಷ್ಟೇ ಕೇಳಿದವರು ಆ ವೀರನ ದೇಹವೇ ಅದರಲ್ಲಿ ಇದ್ದಿತೆಂದು ಭಾವಿಸುವರು. ಆದರೆ ಅಲೆಕ್ಸಾಂಡರನ ಸಮಾಧಿಯಾದುದು ಈಜಿಪ್ಟಿನಲ್ಲಿ. ಈ ಪೆಟ್ಟಿಗೆಯು ಸಿಡಾನಿನ ಅರಸನಾದ ಅಬ್ದಲೋನಿಮಸನದಾಗಿರಬೇಕೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಜನರು ಇಟ್ಟ ಹೆಸರು ಬೇರೆ, ಚೀಟಿ ಹೇಳಬೇಕಾದ ಮಾತು ಬೇರೆ.

ಇಲ್ಲಿ ಇನ್ನೊಂದು ಸಂಗತಿಯನ್ನೂ ನಾವು ಗಮನಿಸಬೇಕು. ಶವಪೆಟ್ಟಿಗೆಗಳು ಇಸ್ತಾಂಬುಲಿಗೆ ಬಂದಾಗ ಸಿಡಾನಿಗೂ ಇಸ್ತಾಂಬುಲಿಗೂ ನಡುವೆ ಯಾವ ದೇಶದ ಗಡಿಯೂ ಇರಲಿಲ್ಲ; ಎರಡೂ ಆಟೋಮನ್ ಸಾಮ್ರಾಜ್ಯದ ಊರುಗಳೇ. ಇಂದು ಸಿಡಾನ್ ಲೆಬನಾನಿನಲ್ಲಿದೆ. ಜೆರೂಸಲೇಮಿನ ನೀರಿನ ಸುರಂಗದಲ್ಲಿ 1880ರಲ್ಲಿ ಕಂಡುಬಂದ ಹಳೆಯ ಹೀಬ್ರೂ ಶಾಸನವೂ ಇಂತೆಯೇ ಇಸ್ತಾಂಬುಲಿನಲ್ಲಿದೆ. ಗಡಿಗಳು ಸರಿದವು, ಕಲ್ಲುಗಳು ಇದ್ದಲ್ಲಿಯೇ ಉಳಿದವು. ಗಡಿಯು ಕಲ್ಲಿಗಿಂತ ಕಿರಿಯದೆಂಬುದನ್ನು ಆ ಸಾಲೆಗಳಲ್ಲಿ ನಿಂತವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂತಹ ವಸ್ತುವಿನ ಬಳಿ ಅದು ಹುಟ್ಟಿದ ಊರಿನ ಹೆಸರನ್ನು ಮರೆಯದೆ ಬರೆದಿಡುವುದು ಸಂಗ್ರಹಾಲಯವು ಆ ಊರಿಗೆ ಸಲ್ಲಿಸಬೇಕಾದ ಋಣವಾಗಿದೆ.

ಅದೇ ಆವರಣದ ಪ್ರಾಚೀನ ಪೂರ್ವದೇಶಗಳ ಸಂಗ್ರಹಾಲಯದಲ್ಲಿ ಅಂಗೈಯಗಲಕ್ಕಿಂತ ತುಸು ದೊಡ್ಡದಾದ, ಮುರಿದುಹೋದ ಮಣ್ಣಿನ ಹಲಗೆಯೊಂದಿದೆ. ನೋಟಕ್ಕೆ ಏನೂ ಅಲ್ಲ. ಆದರೆ ಅದು ಈಜಿಪ್ಟಿನ ಎರಡನೆಯ ರಾಮ್ಸೆಸ್ ದೊರೆಯೂ ಹಿಟ್ಟೈಟರ ಮೂರನೆಯ ಹಟ್ಟೂಸಿಲಿಯೂ ಸುಮಾರು ಕ್ರಿ.ಪೂ. 1259ರಲ್ಲಿ ಮಾಡಿಕೊಂಡ ಶಾಂತಿ ಒಪ್ಪಂದದ ಪ್ರತಿ. ಕಾದೇಶ್ ಎಂಬಲ್ಲಿ ಕಾದಿದ್ದ ಎರಡು ರಾಜ್ಯಗಳು, ಇನ್ನು ಮುಂದೆ ಒಬ್ಬರ ಮೇಲೊಬ್ಬರು ದಂಡೆತ್ತುವುದಿಲ್ಲವೆಂದೂ ಮೂರನೆಯವನು ಮೇಲೆ ಬಿದ್ದರೆ ಪರಸ್ಪರ ನೆರವಾಗುವೆವೆಂದೂ ಮಾತು ಕೊಟ್ಟವು. ಈಜಿಪ್ಟಿನವರು ತಮ್ಮ ಪಾಠವನ್ನು ಕಾರ್ನಾಕಿನ ದೇವಾಲಯದ ಗೋಡೆಯ ಮೇಲೆ ಕೆತ್ತಿಸಿದರು. ಮಣ್ಣಿನ ಪ್ರತಿ 1906ರಲ್ಲಿ ಅನತೋಲಿಯಾದ ಬೋಗಾಜ್‌ಕೋಯ್ ಎಂಬ ಹಳ್ಳಿಯ ಬಳಿ ಹೂಗೋ ವಿಂಕ್ಲರ್, ಥಿಯೋಡೋರ್ ಮಕ್ರಿದಿ ಎಂಬವರು ನಡೆಸಿದ ಉತ್ಖನನದಲ್ಲಿ ದೊರೆಯಿತು. ಅದು ಅಂದಿನ ರಾಜತಂತ್ರದ ಭಾಷೆಯಾಗಿದ್ದ ಅಕ್ಕಾಡಿಯನಿನಲ್ಲಿ, ಬೆಣೆಯಾಕಾರದ ಲಿಪಿಯಲ್ಲಿ ಇದ್ದುದರಿಂದ ವಿಂಕ್ಲರರು ಅದನ್ನು ಓದಬಲ್ಲವರಾದರು. ಆ ಹಾಳೂರು ಹಿಟ್ಟೈಟರ ರಾಜಧಾನಿಯಾದ ಹಟ್ಟೂಸ ಎಂಬುದು ಹೀಗೆ ನಿಶ್ಚಿತವಾಯಿತು. ಊರಿನ ಹೆಸರನ್ನು ಮರಳಿ ತಂದುದು ಅರಮನೆಯ ಗೋಡೆಯಲ್ಲ, ಒಂದು ಬರಹ.

ಇಸ್ತಾಂಬುಲನ್ನು ಬಿಟ್ಟು ನಾವು ಈಗ ರಾಜಧಾನಿಯಾದ ಅಂಕಾರಾ ನಗರಕ್ಕೆ ಬರೋಣ. ಕೋಟೆಯ ಇಳಿಜಾರಿನಲ್ಲಿ ಹದಿನೈದನೆಯ ಶತಮಾನದ ಒಂದು ಮುಚ್ಚುಮಾರುಕಟ್ಟೆ, ಅದರ ಮಗ್ಗುಲಲ್ಲಿ ವರ್ತಕರು ತಂಗುತ್ತಿದ್ದ ಒಂದು ಛತ್ರ. ಇವೆರಡೂ ಪಾಳುಬಿದ್ದಿದ್ದವು. 1938ರಿಂದ 1968ರವರೆಗೆ ನಡೆದ ಜೀರ್ಣೋದ್ಧಾರದಿಂದ ಅವು ಅನತೋಲಿಯಾ ನಾಗರಿಕತೆಗಳ ಸಂಗ್ರಹಾಲಯವಾದವು. 1997ರಲ್ಲಿ ಇದಕ್ಕೆ ಯೂರೋಪಿನ ವರ್ಷದ ಸಂಗ್ರಹಾಲಯವೆಂಬ ಪ್ರಶಸ್ತಿಯೂ ಸಂದಿತು. ಎಂಟು ಸಾವಿರ ವರ್ಷಕ್ಕೂ ಹಿಂದಿನ ಚಾತಲ್‌ಹೊಯುಕ್ ಎಂಬ ನೆಲೆಯ ಭಿತ್ತಿಚಿತ್ರಗಳು, ಎರಡು ಮೃಗಗಳ ನಡುವೆ ಆಸೀನಳಾದ ಸ್ತ್ರೀಯ ಮಣ್ಣಿನ ಬೊಂಬೆ, ಫ್ರಿಜಿಯನರ ಮರದ ಪೀಠೋಪಕರಣಗಳು ಇಲ್ಲಿವೆ. ಆದರೆ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಅವಶ್ಯವಾಗಿ ನಿಂತು ನೋಡಬೇಕಾದುದು ಕುಲ್ತೆಪೆಯ ಪತ್ರಗಳನ್ನು.

ಕುಲ್ತೆಪೆ ಎಂಬುದು ಕಯ್ಸೇರಿ ನಗರದ ಬಳಿಯ ದಿಬ್ಬ. ಅದರ ಹಳೆಯ ಹೆಸರು ಕಾನೆಶ್ ಅಥವಾ ನೇಸ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಅಸ್ಸೂರ್ ಪಟ್ಟಣದ ವರ್ತಕರು ಕತ್ತೆಗಳ ಮೇಲೆ ತವರವನ್ನೂ ಬಟ್ಟೆಯನ್ನೂ ಹೇರಿಕೊಂಡು ಅಲ್ಲಿಗೆ ಬಂದು, ಬೆಳ್ಳಿ ಚಿನ್ನಗಳನ್ನು ಕೊಂಡೊಯ್ಯುತ್ತಿದ್ದರು. ಕೆಲವರು ಪರನಾಡಿನಲ್ಲಿಯೇ ಮನೆಮಾಡಿ ತಲೆಮಾರುಗಳ ಕಾಲ ನೆಲಸಿದರು. ಸ್ಥಳೀಯರಲ್ಲಿ ಹೆಣ್ಣು ತಂದವರೂ ಉಂಟು. ಆದರೂ ಕಾಗದಪತ್ರಗಳನ್ನು ತಮ್ಮ ತಾಯ್ನುಡಿಯಲ್ಲಿಯೇ ಬರೆದರು. ಇಲ್ಲಿ ದೊರೆತ ಹಲಗೆಗಳ ಸಂಖ್ಯೆ 20,000ಕ್ಕೂ ಹೆಚ್ಚು. ಪತ್ರವನ್ನು ಮಣ್ಣಿನ ಹಲಗೆಯ ಮೇಲೆ ಬರೆದು, ಅದನ್ನು ಮಣ್ಣಿನದೇ ಲಕೋಟೆಯಲ್ಲಿ ಮುಚ್ಚಿ, ಮೇಲೆ ಮುದ್ರೆ ಒತ್ತುತ್ತಿದ್ದರು. ಅಸ್ಸೂರಿನಲ್ಲಿದ್ದ ಲಮಸ್ಸಿ ಎಂಬ ಗೃಹಿಣಿ ತನ್ನ ಪತಿ ಪುಶುಕೇನನಿಗೆ, ತಾನು ನೇಯಿಸಿ ಕಳುಹಿದ ಬಟ್ಟೆಗಳ ವಿಚಾರವಾಗಿ ಬರೆದ ಪತ್ರಗಳು ಇಂದಿಗೂ ಓದಸಿಗುತ್ತವೆ. ಅರಸರ ಹೆಸರುಗಳೇ ಅಳಿಸಿಹೋದ ಕಾಲದಿಂದ ಒಬ್ಬ ಗೃಹಿಣಿಯ ಮಾತು ನಮ್ಮ ತನಕ ಬಂದು ತಲಪಿದೆ.

ಕುಲ್ತೆಪೆಗೂ ಹಟ್ಟೂಸಕ್ಕೂ ಒಂದು ಸಂಬಂಧವಿದೆ. ಹಿಟ್ಟೈಟರೆಂದು ನಾವು ಕರೆಯುವ ಜನರು ತಮ್ಮ ನುಡಿಯನ್ನು ನೇಸದ ನುಡಿಯೆಂದು ಹೇಳುತ್ತಿದ್ದರು. ಅವರು ಆಳಿದ ನಾಡಿಗೆ ಹಟ್ಟಿ ಎಂಬ ಹೆಸರು ಅವರಿಗಿಂತ ಮುಂಚೆ ಅಲ್ಲಿದ್ದ ಜನರಿಂದ ಬಂದುದು. ನೇಸದ ನುಡಿಯನ್ನು ಓದುವ ಮಾರ್ಗವನ್ನು 1915ರಲ್ಲಿ ಬೆದ್ರಿಚ್ ಹ್ರೋಜ್ನಿ ಎಂಬ ಚೆಕ್ ವಿದ್ವಾಂಸರು ಕಂಡುಹಿಡಿದರು. ರೊಟ್ಟಿಯ ಮಾತು ಬಂದ ಒಂದು ವಾಕ್ಯದಲ್ಲಿ 'ತಿನ್ನು' ಎಂಬ ಅರ್ಥದ ಕ್ರಿಯಾಪದವೂ ನೀರಿಗೆ 'ವಾತರ್' ಎಂಬ ಶಬ್ದವೂ ಇರುವುದನ್ನು ಅವರು ಗುರುತಿಸಿದರು. ಆ ಕ್ರಿಯಾಪದವು ಸಂಸ್ಕೃತದ 'ಅದ್' ಧಾತುವಿನ ಬಂಧು. ನಾವು ದಿನವೂ ಆಡುವ 'ಅನ್ನ' ಎಂಬ ಶಬ್ದವೂ ಅದೇ ಧಾತುವಿನದಲ್ಲವೆ? ಹೀಗೆ ಆ ನುಡಿಯು ಇಂಡೋ-ಯೂರೋಪಿಯನ್ ವರ್ಗಕ್ಕೆ ಸೇರಿದುದೆಂದು ಸಿದ್ಧವಾಯಿತು.

ಭಾರತೀಯರಾದ ನಮಗೆ ಇನ್ನಷ್ಟು ವಿಸ್ಮಯವನ್ನುಂಟುಮಾಡುವ ಬರಹಗಳೂ ಹಟ್ಟೂಸದಲ್ಲಿ ದೊರೆತಿವೆ. ಕ್ರಿ.ಪೂ. ಹದಿನಾಲ್ಕನೆಯ ಶತಮಾನದಲ್ಲಿ ಹಿಟ್ಟೈಟರ ಸುಪ್ಪಿಲುಲಿಯುಮನು ಮಿತನ್ನಿಯ ಅರಸನೊಡನೆ ಮಾಡಿಕೊಂಡ ಒಪ್ಪಂದಕ್ಕೆ ಸಾಕ್ಷಿಗಳಾಗಿ ಕರೆದ ದೇವತೆಗಳಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರ ಹೆಸರುಗಳಿವೆ. ಮಿತನ್ನಿಯ ಕಿಕ್ಕುಲಿ ಎಂಬಾತನು ಕುದುರೆಗಳನ್ನು ಪಳಗಿಸುವ ಕ್ರಮವನ್ನು ಕುರಿತು ಹೇಳಿದ ಗ್ರಂಥದಲ್ಲಿ ಸುತ್ತುಗಳ ಎಣಿಕೆಗೆ ಐಕ, ತೇರ, ಪಂಜ, ಸತ್ತ ಎಂಬ ಶಬ್ದಗಳು ಬರುತ್ತವೆ. ಏಕ, ತ್ರಿ, ಪಂಚ, ಸಪ್ತ ಎಂದು ಮಗ್ಗಿ ಹೇಳಬಲ್ಲ ಬಾಲಕನಿಗೂ ಇವು ಅಪರಿಚಿತವಲ್ಲ.

ಇಷ್ಟೊಂದು ನುಡಿಗಳು ಒಂದೇ ಭಂಡಾರದಲ್ಲಿ ಉಳಿದುದು ಹೇಗೆ? ನಮ್ಮ ಲೇಖನದ ತಿರುಳು ಇಲ್ಲಿದೆ. ಹಿಟ್ಟೈಟರು ತಾವು ಆಳಿದ ಜನಗಳ ದೇವರುಗಳನ್ನು ತಮ್ಮ ರಾಜಧಾನಿಗೆ ಬರಮಾಡಿಕೊಂಡರು. ಪೂಜೆಯ ವಿಧಿಯನ್ನು ನೇಸದ ನುಡಿಯಲ್ಲಿ ಬರೆದರೂ, ದೇವರಿಗೆ ಹೇಳುವ ಮಂತ್ರವನ್ನು ಆ ದೇವರ ಜನರ ನುಡಿಯಲ್ಲಿಯೇ ಬರೆದಿಟ್ಟರು. ಅದರ ಮುಂದೆ ಲಿಪಿಕಾರನು ಒಂದು ಸೂಚನೆಯನ್ನೂ ಸೇರಿಸುತ್ತಿದ್ದನು: ಇಲ್ಲಿಂದ ಮುಂದೆ ಪುರೋಹಿತನು ಹಟ್ಟಿಕ್ ನುಡಿಯಲ್ಲಿ ಹೇಳುವನು, ಇಲ್ಲಿ ಲುವಿಯನ್, ಇಲ್ಲಿ ಪಲಾಯಿಕ್, ಇಲ್ಲಿ ಹುರಿಯನ್. ಹಟ್ಟಿಕ್ ನುಡಿಯನ್ನು ಮನೆಗಳಲ್ಲಿ ಆಡುವವರು ಇಲ್ಲದಾದ ಮೇಲೆಯೂ ಈ ಸೂಚನೆ ನಿಲ್ಲಲಿಲ್ಲ. ಆ ನುಡಿಯ ಬಗೆಗೆ ನಾವು ಬಲ್ಲುದರಲ್ಲಿ ಬಹುಪಾಲು ಈ ಲಿಪಿಕಾರರ ಶ್ರದ್ಧೆಯ ಫಲ. ಸಂಗ್ರಹಾಲಯದ ಚೀಟಿಗೆ ಅವರೇ ಪೂರ್ವಜರೆಂದರೆ ತಪ್ಪಾಗಲಾರದು.

ಇದಕ್ಕೆ ತೀರ ಇತ್ತೀಚಿನ ನಿದರ್ಶನವೊಂದಿದೆ. 2023ರಲ್ಲಿ ಹಟ್ಟೂಸದ ಉತ್ಖನನದಲ್ಲಿ ದೊರೆತ ಹಲಗೆಯೊಂದರಲ್ಲಿ, ಮುಂದಿನ ಪಾಠವು ಕಲಸ್ಮ ದೇಶದ ನುಡಿಯಲ್ಲಿದೆ ಎಂಬ ಸೂಚನೆ ಕಂಡುಬಂದಿತು. ಕಲಸ್ಮವು ಹಿಟ್ಟೈಟ್ ನಾಡಿನ ವಾಯವ್ಯದ ಅಂಚಿನಲ್ಲಿದ್ದ ಪ್ರಾಂತ. ಅಂತಹ ಒಂದು ನುಡಿ ಇದ್ದಿತೆಂಬುದು ಅದುವರೆಗೆ ವಿದ್ವಾಂಸರಿಗೇ ತಿಳಿದಿರಲಿಲ್ಲ. ಗಡಿನಾಡಿನ ಒಂದು ನುಡಿ ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮಣ್ಣಿನಲ್ಲಿ ಹೂತುಹೋಗಿದ್ದು, ಒಬ್ಬ ಲಿಪಿಕಾರನು ಬರೆದ ಅರ್ಧ ಸಾಲಿನಿಂದ ತನ್ನ ಹೆಸರನ್ನು ಮರಳಿ ಪಡೆಯಿತು. ಆತನು ಆ ಅರ್ಧ ಸಾಲನ್ನು ಬರೆಯದಿದ್ದರೆ, ಓದಲು ಬಾರದ ಕೆಲವು ಶಬ್ದಗಳಷ್ಟೇ ನಮಗೆ ಉಳಿಯುತ್ತಿದ್ದುವು.

ಚೀಟಿಯನ್ನು ಮರೆಮಾಡಿದರೆ ಏನಾಗುವುದೆಂಬುದನ್ನು ತಿಳಿಯಲು ಕಡೆಯದಾಗಿ ಪಶ್ಚಿಮದ ಉಶಾಕ್ ಪಟ್ಟಣಕ್ಕೆ ಹೋಗೋಣ. 1966ರ ಸುಮಾರಿಗೆ ಅದರ ಸಮೀಪದ ದಿಬ್ಬಗಳಲ್ಲಿದ್ದ ಲಿಡಿಯನರ ಸಮಾಧಿಗಳನ್ನು ಕಳ್ಳರು ಅಗೆದರು. ಕ್ರಿ.ಪೂ. ಆರನೆಯ ಶತಮಾನದ ಚಿನ್ನ ಬೆಳ್ಳಿಯ ಒಡವೆಗಳೂ ಪಾತ್ರೆಗಳೂ ಕೈಯಿಂದ ಕೈಗೆ ದಾಟಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವನ್ನು ಸೇರಿದವು. ಅಲ್ಲಿ ಅವುಗಳಲ್ಲಿ ಕೆಲವನ್ನು ಪೂರ್ವ ಗ್ರೀಕ್ ನಿಧಿಯೆಂಬ ಹೆಸರಿನಲ್ಲಿ ಪ್ರದರ್ಶಿಸಲಾಯಿತು. ಲಿಡಿಯಾದ ಹೆಸರಿಲ್ಲ, ಉಶಾಕಿನ ಹೆಸರಿಲ್ಲ. ತುರ್ಕಿ ಸರಕಾರವು 1987ರಲ್ಲಿ ದಾವೆ ಹೂಡಿತು. 1993ರಲ್ಲಿ ಆ ನಿಧಿ ಹಿಂದಿರುಗಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ರೆಕ್ಕೆಯುಳ್ಳ ಕಡಲ್ಗುದುರೆಯ ಆಕಾರದ ಚಿನ್ನದ ಒಡವೆಯೊಂದನ್ನು ಉಶಾಕಿನ ಸಂಗ್ರಹಾಲಯದಿಂದಲೇ ಕದ್ದು, ಅದರ ಸ್ಥಾನದಲ್ಲಿ ನಕಲಿಯನ್ನಿಟ್ಟಿದ್ದುದು 2006ರಲ್ಲಿ ಬಯಲಾಯಿತು. ಅಸಲು ಒಡವೆ ಜರ್ಮನಿಯಲ್ಲಿ ಪತ್ತೆಯಾಗಿ 2013ರಲ್ಲಿ ಮರಳಿತು. ದೂರದವರು ಹೆಸರನ್ನು ಮರೆಮಾಡಿದರೆಂದು ದೂರಿದರಷ್ಟೇ ಸಾಲದು. ಮನೆಯವರ ಕಾವಲೂ ಎಚ್ಚರವಾಗಿರಬೇಕೆಂಬುದು ಉಶಾಕಿನ ಪಾಠ.

ತುರ್ಕಿಗೆ ಹೋಗಿಬರುವುದು ನಮ್ಮಲ್ಲಿ ಎಲ್ಲರಿಗೂ ಸಾಧ್ಯವಾಗಲಾರದು. ಆದರೆ ಹಟ್ಟೂಸದ ಲಿಪಿಕಾರನು ಮಾಡಿದ ಕೆಲಸ ಯಾವ ಶಾಲೆಯಲ್ಲಿಯೂ ಸಾಧ್ಯ. ಊರಿನ ಗುಡಿಯ ಹಿಂದೆ ಬಿದ್ದಿರುವ ವೀರಗಲ್ಲು ಯಾವುದು, ಅದರ ಮೇಲೆ ಅಕ್ಷರಗಳಿವೆಯೆ, ಅವು ಯಾವ ನುಡಿಯವು ಎಂದು ವಿದ್ಯಾರ್ಥಿಗಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಮನೆಯ ಅಜ್ಜಿ ಹೇಳುವ ಹಾಡನ್ನು ಬರೆದುಕೊಳ್ಳುವಾಗ ಮೇಲುಗಡೆ ಊರಿನ ಹೆಸರನ್ನೂ ಹೇಳಿದವರ ಹೆಸರನ್ನೂ ತಾರೀಖನ್ನೂ ನುಡಿಯ ಹೆಸರನ್ನೂ ಮರೆಯದೆ ನಮೂದಿಸಲಿ. ಉಪಾಧ್ಯಾಯರು ಆ ಪುಸ್ತಕಗಳನ್ನು ವರ್ಷದ ಕೊನೆಗೆ ಹರಿದು ಹಾಕಗೊಡದೆ ಶಾಲೆಯ ಕಪಾಟಿನಲ್ಲಿ ಕಾಪಾಡಲಿ. ಕಲಸ್ಮದ ನುಡಿಯನ್ನು ಬದುಕಿಸಿದ ಸೂಚನೆ ಇದಕ್ಕಿಂತ ದೊಡ್ಡದೇನೂ ಆಗಿರಲಿಲ್ಲ.