ಹೊಸ ಯಂತ್ರವೋ, ಹಳೆಯ ಯಂತ್ರವೋ? ಕನ್ನಡದ ಅಕ್ಷರ ಹೇಳುವ ಉತ್ತರ



ಲಗ್ನಪತ್ರಿಕೆಯನ್ನು ವಿನ್ಯಾಸ ಮಾಡುವವರು, ಪುಸ್ತಕದ ಪುಟ ಜೋಡಿಸುವವರು, ಜನಪದ ಹಾಡುಗಳನ್ನು ಧ್ವನಿಮುದ್ರಿಸಿ ಅಂತರಜಾಲಕ್ಕೆ ಏರಿಸುವವರು ಈಗ ನಮ್ಮ ಜವಳಗೇರಾದಂತಹ ಊರುಗಳಲ್ಲಿಯೂ ಇದ್ದಾರೆ. ಈ ಕೆಲಸಕ್ಕೆ ಕೈಹಾಕುವ ಮಕ್ಕಳು ಮೊದಲು ಕೇಳುವ ಪ್ರಶ್ನೆ ಒಂದೇ: "ಸರ್, ಹೊಸಾ ಕಂಪ್ಯೂಟರ್ ತಗೋಬೇಕೇನ್ರಿ, ಸೆಕೆಂಡ್ ಹ್ಯಾಂಡ್ ನಡೀತದೇನ್ರಿ?"

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದ ನನಗೆ ಯಂತ್ರದ ಒಳಗುಟ್ಟು ತಂತ್ರಜ್ಞರಷ್ಟು ತಿಳಿಯದು. ಆದರೆ ಈ ಪ್ರಶ್ನೆಗೊಂದು ಇತಿಹಾಸವಿದೆ. ಕನ್ನಡದಲ್ಲಿ ಬರೆಯುವವರು, ಅಚ್ಚು ಹಾಕಿಸುವವರು ಇದನ್ನು ಹಲವು ಸಲ ಎದುರಿಸಿದ್ದಾರೆ. ಒಮ್ಮೊಮ್ಮೆ ಹಳೆಯ ಯಂತ್ರವೇ ಸಾಕಾಯಿತು, ಒಮ್ಮೊಮ್ಮೆ ಸಾಕಾಗಲಿಲ್ಲ. ಯಾವಾಗ ಸಾಕಾಯಿತು, ಯಾವಾಗ ಸಾಲಲಿಲ್ಲ ಎಂಬುದನ್ನು ಬಿಡಿಸಿ ನೋಡಿದರೆ ಇಂದಿನ ಆಯ್ಕೆಯೂ ಸುಲಭವಾಗುತ್ತದೆ.

ಗಣಕಯಂತ್ರಕ್ಕಿಂತ ಮೊದಲು ಮುದ್ರಣಾಲಯವಿತ್ತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಮುದ್ರಣಗೊಂಡಿತ್ತು. ಮರುವರ್ಷ ಆ ಪತ್ರಿಕೆ ನಮ್ಮ ನೆರೆಯ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಎನಿಸಿಕೊಂಡಿತು. ಕಲ್ಲಚ್ಚಿನಲ್ಲಿ ಅಕ್ಷರವೂ ಚಿತ್ರವೂ ಕಲ್ಲಿನ ಮೇಲೆಯೇ ಮೂಡುತ್ತವೆ. ಅಚ್ಚುಮೊಳೆಯ ಮುದ್ರಣ ಹಾಗಲ್ಲ. ಅಲ್ಲಿ ಒತ್ತುವ ಯಂತ್ರ ಬೇರೆ, ಅಕ್ಷರದ ಮೊಳೆ ಬೇರೆ. ಕಾಗುಣಿತ, ಒತ್ತಕ್ಷರಗಳಿಂದಾಗಿ ಕನ್ನಡಕ್ಕೆ ನೂರಾರು ಮೊಳೆಗಳು ಬೇಕು. ಮುಂದೆ ಸಣ್ಣ ಊರುಗಳಲ್ಲಿ ಮುದ್ರಣಾಲಯ ತೆರೆದವರಿಗೆ ಕಾಲಿನಿಂದ ತುಳಿಯುವ ಹಳೆಯ ಟ್ರೆಡಲ್ ಯಂತ್ರ ಸಾಕಾಗುತ್ತಿತ್ತು. ಕಬ್ಬಿಣದ ಯಂತ್ರಕ್ಕೆ ಎಣ್ಣೆ ಹಾಕಿ, ಸವೆದ ಭಾಗ ಬದಲಿಸಿದರೆ ಅದು ಎರಡು ತಲೆಮಾರು ದುಡಿಯುತ್ತಿತ್ತು. ಸವೆದ ಮೊಳೆ ಮಾತ್ರ ಕೆಲಸಕ್ಕೆ ಬಾರದು. ಒತ್ತಕ್ಷರ ಮಸುಕಾಗಿ, ‘ಘ’ಕಾರವೂ ‘ಫ’ಕಾರವೂ ಒಂದೇ ಆಗಿ ಕಾಣುತ್ತಿದ್ದವು. ಆದ್ದರಿಂದ ಬಲ್ಲವರು ಯಂತ್ರವನ್ನು ಹಳೆಯದು ಕೊಂಡು, ಮೊಳೆಯನ್ನು ಹೊಸದಾಗಿ ಎರಕ ಹೊಯ್ಯಿಸುತ್ತಿದ್ದರು. ಯಂತ್ರದ ವಯಸ್ಸು ಬೇರೆ, ಅಕ್ಷರದ ವಯಸ್ಸು ಬೇರೆ ಎಂಬುದು ಅವರಿಗೆ ತಿಳಿದಿತ್ತು. ಈ ಭೇದವನ್ನು ಓದುಗರು ನೆನಪಿಡಬೇಕು.

ಭಾರತೀಯ ಭಾಷೆಗಳು ಗಣಕಕ್ಕೆ ಬಂದಾಗಲೂ ಇದೇ ಆಯಿತು. ಐಐಟಿ ಕಾನ್ಪುರದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಜಿಸ್ಟ್’ ತಂತ್ರಜ್ಞಾನವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿತು. ಇಂಗ್ಲಿಷ್ ಮಾತ್ರ ಬಲ್ಲ ಯಂತ್ರದೊಳಗೆ ಒಂದು ಕಾರ್ಡ್ ಸಿಕ್ಕಿಸಿದರೆ ಅದೇ ಯಂತ್ರ ನಮ್ಮ ಲಿಪಿಯನ್ನು ತೋರಿಸುತ್ತಿತ್ತು. ಅಂದರೆ ಹಳೆಯ ಟ್ರೆಡಲ್ಲಿಗೆ ಹೊಸ ಮೊಳೆ! ಮುಂದೆ ಕಾರ್ಡೂ ಬೇಡವಾಯಿತು. ಕೆ. ಪಿ. ರಾವ್ ಅವರು ಕನ್ನಡದ ಉಚ್ಚಾರಣೆಗೆ ಹೊಂದುವ ಕೀಲಿಮಣೆ ವಿನ್ಯಾಸವನ್ನು ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು. ಇವೆಲ್ಲ ಸಾಧಾರಣ ಯಂತ್ರದಲ್ಲಿಯೇ ನಡೆಯುತ್ತಿದ್ದವು. ವಿಂಡೋಸ್ 98ರ ಮೊದಲ ಆವೃತ್ತಿಗೆ 16 ಎಂಬಿ ಸ್ಮರಣಶಕ್ತಿ ಇದ್ದರೆ ಸಾಕಿತ್ತು. ಯಾವುದೋ ಕಚೇರಿ ಬಿಸುಟ ಯಂತ್ರವನ್ನು ಬೆಂಗಳೂರಿನ ಎಸ್. ಪಿ. ರಸ್ತೆಯಿಂದಲೋ ಹುಬ್ಬಳ್ಳಿಯಿಂದಲೋ ತಂದು, ‘ನುಡಿ’ಯನ್ನೂ ಪೇಜ್‌ಮೇಕರನ್ನೂ ಹಾಕಿಕೊಂಡು ಡಿಟಿಪಿ ಅಂಗಡಿ ತೆರೆದವರು ಎಷ್ಟೋ ಜನ. ನಮ್ಮ ಭಾಗದ ಅನೇಕ ಕವನ ಸಂಕಲನಗಳು, ಸ್ಮರಣ ಸಂಚಿಕೆಗಳು ಹುಟ್ಟಿದ್ದು ಇಂತಹ ಅಂಗಡಿಗಳಲ್ಲಿ. ಆ ಕಾಲಕ್ಕೆ ಹಳೆಯ ಯಂತ್ರ ಸಾಕಾಗಿತ್ತು.

ಆದರೆ ಆ ವ್ಯವಸ್ಥೆಯ ಬುಡದಲ್ಲಿ ಒಂದು ತೊಡಕಿತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಕಣ್ಣಿಗೆ ಕಾಣುವುದು ಕನ್ನಡ, ಯಂತ್ರ ಉಳಿಸಿಕೊಳ್ಳುವುದು ಇಂಗ್ಲಿಷ್ ಸಂಕೇತ. ಆ ಫಾಂಟು ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ! ಇದಕ್ಕೆ ಪರಿಹಾರ 1991ರಲ್ಲಿಯೇ ಹುಟ್ಟಿತ್ತು. ಆ ವರ್ಷ ಬಂದ ಯೂನಿಕೋಡ್ ಎಂಬ ವಿಶ್ವಮಾನ್ಯ ಸಂಕೇತ ವ್ಯವಸ್ಥೆಯ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳು ದೊರೆತಿದ್ದವು. ಆದರೆ ಅದನ್ನು ಓದಿ, ಒತ್ತಕ್ಷರ ಜೋಡಿಸಿ ತೋರಿಸಬಲ್ಲ ಯಂತ್ರ ಬೇಕಲ್ಲ? ವಿಂಡೋಸ್‌ನಲ್ಲಿ ಆ ಸಾಮರ್ಥ್ಯ ಕನ್ನಡಕ್ಕೆ ಬಂದುದು 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಎಂಬ ಫಾಂಟಿನೊಡನೆ. ಅದರಲ್ಲಿಯೂ ಸಂಕೀರ್ಣ ಲಿಪಿಗಳ ಆಯ್ಕೆಯನ್ನು ಸಿ.ಡಿ. ಹಾಕಿ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಿತ್ತು. ಎಕ್ಸ್‌ಪಿಗೆ ಕನಿಷ್ಠ 64, ಸರಾಗವಾಗಿ ನಡೆಯಲು 128 ಎಂಬಿ ಸ್ಮರಣಶಕ್ತಿ ಬೇಕಿತ್ತು. ವಿಂಡೋಸ್ 98ರ ಕಾಲದ ಎಷ್ಟೋ ಹಳೆಯ ಯಂತ್ರಗಳು ಅಲ್ಲಿಗೆ ನಿಂತವು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾದಾಗ ಅದನ್ನು ಓದಲು ಹಳೆಯ ಯಂತ್ರ ಇದ್ದವರಿಗೆ ಕಂಡದ್ದು ಬರಿಯ ಚೌಕಗಳ ಸಾಲು. ಕನ್ನಡದ ಬರಹಗಾರನಿಗೆ ಹೊಸ ಯಂತ್ರ ನಿಜವಾಗಿ ಬೇಕಾದ ಕಾಲ ಅದು. ಕಾರಣ ವೇಗವಲ್ಲ, ಬಣ್ಣದ ಪರದೆಯಲ್ಲ. ಕಾರಣ ಅಕ್ಷರ.

ಅಂದು ಹೊಸ ಯಂತ್ರ ಕೊಂಡವರಲ್ಲಿಯೂ ಬಹಳ ಮಂದಿ ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಪೇಜ್‌ಮೇಕರ್ ತಂತ್ರಾಂಶಕ್ಕೆ ಯೂನಿಕೋಡ್ ತಿಳಿಯದು, ಮುದ್ರಕರಿಗೆ ಪೇಜ್‌ಮೇಕರ್ ಬಿಡಲಾಗದು. ರಾಜ್ಯ ಸರ್ಕಾರ ಯೂನಿಕೋಡನ್ನು ಅಧಿಕೃತ ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅಷ್ಟರಲ್ಲಿ ಅಪಾರ ಕನ್ನಡ ಹಳೆಯ ಸಂಕೇತದಲ್ಲಿಯೇ ಉಳಿದಿತ್ತು.

ಇದರ ಬೆಲೆ ಏನೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನನ್ನ ಸಹೋದ್ಯೋಗಿಯೊಬ್ಬರು ಮೊಹರಂ ಹಬ್ಬದಲ್ಲಿ ಹಾಡುವ ರಿವಾಯತ್ ಪದಗಳನ್ನು ಊರೂರು ತಿರುಗಿ ಸಂಗ್ರಹಿಸಿದ್ದರು. ಹಿಂದೂ ಮುಸಲ್ಮಾನರೆನ್ನದೆ ಹೆಜ್ಜೆಮೇಳ ಕಟ್ಟಿ ಹಾಡುತ್ತಿದ್ದ ಹಿರಿಯರ ಬಾಯಿಂದ ಬಂದ ಪದಗಳವು. ಡಿಟಿಪಿ ಮಾಡಿಸಿದರು, ಹಣ ಹೊಂದಲಿಲ್ಲ, ಪುಸ್ತಕವಾಗಲಿಲ್ಲ. ಹಸ್ತಪ್ರತಿಗೆ ಗೆದ್ದಲು ಹಿಡಿಯಿತು. ಅಂಗಡಿ ಮುಚ್ಚಿತು, ಯಂತ್ರ ಗುಜರಿಗೆ ಹೋಯಿತು. ಉಳಿದದ್ದು ಒಂದು ಸಿ.ಡಿ. ಅವರ ಮಗ ತಂದಿದ್ದ ಹೊಚ್ಚಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದಾಗ ಒಂದು ಪದವೂ ಓದಲು ಬರಲಿಲ್ಲ. ಸಿ.ಡಿ.ಯ ಮೇಲೆ ಪೆನ್ನಿನಲ್ಲಿ ಫಾಂಟಿನ ಹೆಸರು ಬರೆದಿತ್ತು. ಅದರ ಸುಳಿವಿನಿಂದ ಪರಿವರ್ತಕ ತಂತ್ರಾಂಶ ಬಳಸಿ ಬಹುಪಾಲನ್ನು ಯೂನಿಕೋಡಿಗೆ ತಂದೆವು. ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ಕೆಟ್ಟಿದ್ದವು. ಕೆಲವು ಸಾಲುಗಳನ್ನು ಸರಿಪಡಿಸೋಣವೆಂದರೆ ಹಾಡಿದವರು ಬದುಕಿರಲಿಲ್ಲ.

ನಮ್ಮ ಸೀಮೆಯ ಮಸ್ಕಿಯ ಶಾಸನವನ್ನು ಪಾಠ ಮಾಡುವಾಗ ಮಕ್ಕಳಿಗೆ ನಾನು ಒಂದು ಮಾತು ಹೇಳುತ್ತಿದ್ದೆ. ಕಲ್ಲು ಉಳಿಯುವುದು ಬೇರೆ, ಓದು ಉಳಿಯುವುದು ಬೇರೆ. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಕೊರೆದ ಬ್ರಾಹ್ಮಿ ಅಕ್ಷರಗಳು ಬಂಡೆಯ ಮೇಲೆ ಇದ್ದೇ ಇದ್ದವು, ಆದರೆ ಆ ಲಿಪಿಯನ್ನು ಓದುವ ಬಗೆ ನಡುವೆ ಮರೆತುಹೋಗಿತ್ತು. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಲಿಪಿಯ ಬೀಗ ತೆರೆದಿದ್ದರಿಂದಲೇ, 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಮಸ್ಕಿಯ ಶಾಸನ ಬಿದ್ದಾಗ ಅದರಲ್ಲಿ ‘ಅಸೋಕ’ ಎಂಬ ಹೆಸರನ್ನು ಓದಲು ಸಾಧ್ಯವಾಯಿತು. ಬಂಡೆಗೆ ಎರಡು ಸಾವಿರ ವರ್ಷ ಕಾಯುವ ತಾಳ್ಮೆ ಇತ್ತು. ಸಿ.ಡಿ.ಗೆ ಇಪ್ಪತ್ತು ವರ್ಷದ ತಾಳ್ಮೆಯೂ ಇರಲಾರದು.

ಈಗ ಇಂದಿನ ಪ್ರಶ್ನೆಗೆ ಬರೋಣ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಬೇಕು. ಇದಕ್ಕೆ ಹೊಂದದ ಯಂತ್ರಗಳು ಅಗ್ಗವಾಗಿ ಮಾರುಕಟ್ಟೆಗೆ ಬರುತ್ತವೆ. ವಿಂಡೋಸ್ ಬೇಕೆನ್ನುವವರು ಅವುಗಳಿಂದ ದೂರವಿರಲಿ, ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡಂತಾದೀತು. ಲಿನಕ್ಸ್ ಕಲಿಯುವ ಮನಸ್ಸಿದ್ದವರಿಗೆ ಅವೇ ಯಂತ್ರಗಳು ಇನ್ನೂ ಕೆಲವು ವರ್ಷ ದುಡಿದಾವು. ಬರವಣಿಗೆಗೆ ಲಿಬ್ರೆ ಆಫೀಸ್, ಚಿತ್ರಕ್ಕೆ ಜಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಅಲ್ಲಿ ಉಚಿತವಾಗಿ ದೊರೆಯುತ್ತವೆ.

2001ರಲ್ಲಿ ಇದ್ದ ಕಂದಕ ಈಗ ಇಲ್ಲ. ಇಂದು ಅಂಗಡಿಯವರು ದುರಸ್ತಿ ಮಾಡಿ ‘ರೀಫರ್ಬಿಶ್ಡ್’ ಎಂದು ಮಾರುವ, ಕಂಪನಿಗಳಲ್ಲಿ ಮೂರು ನಾಲ್ಕು ವರ್ಷ ದುಡಿದು ಬಂದ ಯಂತ್ರಕ್ಕೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಬರವಣಿಗೆ, ಪುಟವಿನ್ಯಾಸ, ಲಗ್ನಪತ್ರಿಕೆ, ಧ್ವನಿಮುದ್ರಣಗಳಿಗೆ ಅದು ಧಾರಾಳವಾಗಿ ಸಾಕು. 8 ಜಿಬಿ ಸ್ಮರಣಶಕ್ತಿ, ಸಾಧ್ಯವಾದರೆ 16, ಹೊಸದಾಗಿ ಹಾಕಿಸಿದ ಎಸ್‌ಎಸ್‌ಡಿ ಇರಲಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ನಿಮ್ಮ ಬರಹ ಇಡಬೇಡಿ, ಅದು ಸವೆದ ಮೊಳೆ ಇದ್ದಂತೆ. ದಿನವಿಡೀ ವಿಡಿಯೊ ಸಂಕಲನ ಮಾಡಿ ಅದರಿಂದಲೇ ಹೊಟ್ಟೆ ಹೊರೆಯುವವರು ಹೊಸದನ್ನೇ ಕೊಳ್ಳಲಿ. ಅವರಿಗೆ ವೇಗವೂ ವಾರಂಟಿಯೂ ಬಂಡವಾಳ.

ಜವಳಗೇರಾ ಬೀಜೋತ್ಪಾದನೆಗೆ ಹೆಸರಾದ ಊರು. ಬಿತ್ತುವ ಮುಂಚೆ ನೂರು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಎಷ್ಟು ಮೊಳೆತವು ಎಂದು ಎಣಿಸುವುದು ಇಲ್ಲಿನ ರೈತರಿಗೆ ಗೊತ್ತು. ಹಳೆಯ ಗಣಕ ಕೊಳ್ಳುವಾಗಲೂ ಇಂತಹ ಪರೀಕ್ಷೆ ಮಾಡಿ. ನಿಮ್ಮ ಕೆಲಸದ ಕಡತವನ್ನೇ ಪೆನ್‌ಡ್ರೈವಿನಲ್ಲಿ ಒಯ್ದು ಅಂಗಡಿಯಲ್ಲಿಯೇ ತೆರೆದು ನೋಡಿ. ಅರ್ಧ ಗಂಟೆ ಅಲ್ಲಿಯೇ ಕುಳಿತು ಟೈಪಿಸಿ. ಕೀಲಿಗಳು, ಪರದೆಯ ಬಣ್ಣ, ಬ್ಯಾಟರಿ, ಕಾವು ಎಲ್ಲವೂ ಆಗ ತಿಳಿಯುತ್ತವೆ. ಬಿಲ್ಲನ್ನೂ ಬರವಣಿಗೆಯಲ್ಲಿ ವಾರಂಟಿಯನ್ನೂ ಪಡೆಯಿರಿ.

ಯಾವುದನ್ನೇ ಕೊಂಡರೂ ಒಂದು ನಿಯಮ ತಪ್ಪಿಸಬೇಡಿ. ಬರೆದದ್ದು ಯೂನಿಕೋಡಿನಲ್ಲಿರಲಿ, ಕನಿಷ್ಠ ಎರಡು ಕಡೆ ಇರಲಿ, ಒಂದು ಪ್ರತಿ ಕಾಗದದ ಮೇಲೂ ಇರಲಿ. ಹತ್ತು ವರ್ಷಕ್ಕೆ ಯಂತ್ರ ಹೇಗೂ ಗುಜರಿಗೆ ಹೋಗುತ್ತದೆ. ರಿವಾಯತ್ ಪದ ಹಾಡಿದವರು ಮತ್ತೆ ಬಂದು ಹಾಡುವುದಿಲ್ಲ.