ಕಟ್ಟಡಕ್ಕೆ ಮೊದಲು ಕಡತ: ಭದ್ರಾವತಿಯ ಕಬ್ಬಿಣ ಕಾರ್ಖಾನೆ ಮತ್ತು ಊರಿನವರ ಪರಂಪರೆ ರಕ್ಷಣೆ

ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದ್ದು 1923ರ ಜನವರಿ 18ರಂದು. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದರ ಒಡೆತನ ಹೊಂದಿರುವ ಭಾರತೀಯ ಉಕ್ಕು ಪ್ರಾಧಿಕಾರ (ಸೈಲ್) ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಪ್ರಕಟಿಸಿತು, ಕಾರ್ಮಿಕರು ಧರಣಿ ಕೂತರು. ಆಗ ನಡೆದ ಚರ್ಚೆಯಲ್ಲಿ ಅನ್ನದ ಪ್ರಶ್ನೆ ಮುಂದೆ ನಿಂತದ್ದು ಸಹಜ, ನ್ಯಾಯವೂ ಹೌದು. ಆದರೆ ಅದೇ ತಿಂಗಳು ಕಾರ್ಖಾನೆ ಇನ್ನೊಂದು ಗೆರೆಯನ್ನೂ ದಾಟಿತ್ತು. 1958ರ ಕೇಂದ್ರ ಅಧಿನಿಯಮ ಮತ್ತು 1961ರ ಕರ್ನಾಟಕದ ಅಧಿನಿಯಮ, ಎರಡೂ ಪ್ರಾಚೀನ ಸ್ಮಾರಕಕ್ಕೆ ಕನಿಷ್ಠ ನೂರು ವರ್ಷದ ವಯಸ್ಸು ಕೇಳುತ್ತವೆ. ಕಾರ್ಖಾನೆಯ ಅತಿ ಹಳೆಯ ಭಾಗಗಳು ಸ್ಮಾರಕವೆನಿಸಿಕೊಳ್ಳುವ ಅರ್ಹತೆ ಪಡೆದದ್ದೂ ಅವುಗಳ ಮೇಲೆ ಬೀಗದ ನೆರಳು ಬಿದ್ದದ್ದೂ ಒಂದೇ ಹೊತ್ತಿನಲ್ಲಿ. ಇಂಥ ಊರಿನಲ್ಲಿ ಹಳತನ್ನು ಉಳಿಸಲು ಸ್ವಯಂಪ್ರೇರಣೆಯಿಂದ ಹೊರಡುವವರು ಎಲ್ಲಿಂದ ಶುರು ಮಾಡಬೇಕು ಎಂಬುದು ಈ ಲೇಖನದ ಪ್ರಶ್ನೆ.

ಶಿವಮೊಗ್ಗ ಜಿಲ್ಲೆಯ ಪರಂಪರೆಯ ಮೇಲೆ ಹಿಂದೆ ನಡೆದ ಕೆಲಸದ ಬಗ್ಗೆ ಹೆಚ್ಚು ವಿವಾದವಿಲ್ಲ. ಭದ್ರಾವತಿಯ, ಅಂದರೆ ಹಳೇ ಬೆಂಕಿಪುರದ, ಲಕ್ಷ್ಮೀನರಸಿಂಹ ದೇವಾಲಯ 13ನೇ ಶತಮಾನದ ಹೊಯ್ಸಳ ತ್ರಿಕೂಟವೆಂದು ಎಲ್ಲರೂ ಒಪ್ಪಿದ್ದಾರೆ. ಕೆಳದಿ ಅರಸರ ಇತಿಹಾಸಕ್ಕೆ ಕೆಳದಿ ಗುಂಡಾ ಜೋಯಿಸರು ಇಡೀ ಆಯುಷ್ಯ ಸವೆಸಿ ತಾಳೆಗರಿ, ಕಡತ, ಆಯುಧ, ವಿಗ್ರಹಗಳನ್ನು ಒಂದೆಡೆ ಸೇರಿಸಿದರು. ಶಿವಮೊಗ್ಗದ ಬಳಿಯ 'ಅಮೂಲ್ಯ ಶೋಧ' ವಸ್ತುಸಂಗ್ರಹಾಲಯ ನಾಣ್ಯಗಳನ್ನೂ ಮಲೆನಾಡಿನ ಮನೆಬಳಕೆಯ ವಸ್ತುಗಳನ್ನೂ ಖಾಸಗಿ ಆಸಕ್ತಿಯ ಬಲದಿಂದಲೇ ಕಾಪಾಡಿದೆ. ಸರ್ಕಾರ ಬರುವ ಮೊದಲೇ ಊರಿನವರು ಕೈಹಾಕಿದ ಪರಂಪರೆ ಈ ಜಿಲ್ಲೆಯದು. ಊರಿನವರ ಈ ಸಂಗ್ರಹಗಳಲ್ಲಿ ಒಂದು ಸಮಾನ ಅಂಶವಿದೆ: ಉಳಿಸಿದ್ದೆಲ್ಲ ಎತ್ತಿ ತಂದು ಇಡಬಹುದಾದ ವಸ್ತು. ಕಾರ್ಖಾನೆಯನ್ನು ಹಾಗೆ ಎತ್ತಿ ತರಲಾಗದು.

ಇಲ್ಲಿಂದ ಭಿನ್ನಾಭಿಪ್ರಾಯ ಶುರುವಾಗುತ್ತದೆ. ಕಲಾ ಇತಿಹಾಸಕಾರ ಅಲೋಯಿಸ್ ರೀಗಲ್ 1903ರಲ್ಲಿ ಸ್ಮಾರಕದ ಮೌಲ್ಯಗಳನ್ನು ಬಿಡಿಸಿ ತೋರಿಸಿದ. ಹಳತನವೇ ಕೊಡುವ ಮೌಲ್ಯ ಒಂದು, ಬಳಕೆಯಿಂದ ಬರುವ ಮೌಲ್ಯ ಇನ್ನೊಂದು, ಎರಡಕ್ಕೂ ಆಗಾಗ ತಿಕ್ಕಾಟ ಎಂಬುದು ಅವನ ವಾದ. ವಯಸ್ಸನ್ನು ಎಣಿಸಿ ಕಟ್ಟಡವನ್ನು ಗುರುತಿಸುವ ನಮ್ಮ ಕಾನೂನು ಇದರಲ್ಲಿ ಮೊದಲನೆಯ ಮೌಲ್ಯವನ್ನೇ ಹಿಡಿದಿದೆ. ಅದಕ್ಕೆ ತಕ್ಕಂತೆ ನಮ್ಮ ಸಂರಕ್ಷಣೆಯ ರೂಢಿಯೂ ಕಟ್ಟಡವನ್ನು ಮೊದಲು ನೋಡಿ, ದಾಖಲೆಯನ್ನು ಅದರ ಪರಿಶಿಷ್ಟವೆಂದು ಬಗೆಯುತ್ತದೆ. ಭದ್ರಾವತಿಯ ಮಟ್ಟಿಗಾದರೂ ಈ ಕ್ರಮ ತಲೆಕೆಳಗಾಗಬೇಕು, ಕಡತ ಮೊದಲು, ಕಟ್ಟಡ ಆಮೇಲೆ ಎಂಬುದು ನನ್ನ ವಾದ. ಅದಕ್ಕೆ ಮೂರು ಆಧಾರಗಳಿವೆ.

ಮೊದಲನೆಯದು ಕಾರ್ಖಾನೆಯ ರಚನೆ. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲಿರಲಿಲ್ಲ, ಮಲೆನಾಡಿನ ಕಾಡಿತ್ತು. ಆದ್ದರಿಂದ ಇಲ್ಲಿನ ಊದುಕುಲುಮೆ ಇದ್ದಿಲಿನಿಂದ ಉರಿಯಿತು. ಸೌದೆಯನ್ನು ಭಟ್ಟಿ ಇಳಿಸಿ ಇದ್ದಿಲಿನ ಜೊತೆಗೆ ಮರದ ಮದ್ಯಸಾರ, ಡಾಂಬರುಗಳನ್ನೂ ತೆಗೆದರು. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಯೋಜನೆಗೆ ಸಲಹೆ ಕೊಟ್ಟವನು ಜಮ್‌ಷೆಡ್‌ಪುರದ ಕಾರ್ಖಾನೆಗೂ ದುಡಿದಿದ್ದ ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದು ನಷ್ಟ ಎದುರಾದಾಗ ಆಡಳಿತ ಮಂಡಳಿಯ ಹೊಣೆ ಹೊತ್ತವರು ಸರ್ ಎಂ. ವಿಶ್ವೇಶ್ವರಯ್ಯ. 1936ರಲ್ಲಿ ಉಕ್ಕು, ಆಮೇಲೆ ಸಿಮೆಂಟು, 1950ರ ದಶಕದಲ್ಲಿ ವಿದ್ಯುತ್ ಕುಲುಮೆ ಹೀಗೆ ಕಾರ್ಖಾನೆ ಪದರಪದರವಾಗಿ ಬೆಳೆಯಿತು. ಈಗ ನೂರು ವರ್ಷದ ಗೆರೆ ಎಳೆದರೆ ಒಂದೇ ಆವರಣದೊಳಗೆ ಒಂದು ಗೋಡೆ ಪ್ರಾಚೀನವಾಗುತ್ತದೆ, ಪಕ್ಕದ ಗೋಡೆ ಆಗುವುದಿಲ್ಲ. ಯಾವ ಗೋಡೆ 1923ಕ್ಕೆ ಮೊದಲಿನದು ಎಂದು ಕಣ್ಣಿನಿಂದ ನಿರ್ಧರಿಸಲಾಗದು. ಅದನ್ನು ಹೇಳಬಲ್ಲದ್ದು ನಕ್ಷೆ, ಗುತ್ತಿಗೆ ಪತ್ರ, ಬಿಲ್ಲು, ವಾರ್ಷಿಕ ವರದಿ. ಹಾಗಾಗಿ ಕಟ್ಟಡದ ಪರವಾಗಿ ಸಾಕ್ಷಿ ಹೇಳುವುದು ಕಾಗದವೇ.

ಕಾಗದವಿಲ್ಲದೆ ಕಟ್ಟಡಕ್ಕೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಶಿವಮೊಗ್ಗದಲ್ಲೇ ನಿದರ್ಶನವಿದೆ. ಅಲ್ಲಿನ ಶಿವಪ್ಪನಾಯಕನ ಅರಮನೆಯ ಈಗಿನ ಕಟ್ಟಡ 18ನೇ ಶತಮಾನದ್ದು, ಹೈದರಾಲಿಯ ಕಾಲದ್ದು ಎಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ. ಶಿವಪ್ಪನಾಯಕ ತೀರಿಕೊಂಡದ್ದು 1660ರಲ್ಲಿ, ಕೆಳದಿ ರಾಜ್ಯ ಹೈದರನ ಕೈಸೇರಿದ್ದು 1763ರಲ್ಲಿ. ಈ ಅಭಿಪ್ರಾಯ ಸರಿಯಾದರೆ ಹೆಸರಿಗೂ ಕಟ್ಟಡಕ್ಕೂ ನಡುವೆ ಒಂದು ಶತಮಾನದ ಅಂತರ. ಜನರ ಪ್ರೀತಿ ಕಟ್ಟಡವನ್ನು ಉಳಿಸಿತು, ಅದರ ಕಥೆಯನ್ನು ಖಚಿತವಾಗಿ ಉಳಿಸಲಿಲ್ಲ. ನಿನ್ನೆ ಮೊನ್ನೆಯ ಕಾರ್ಖಾನೆಗೂ ಇದೇ ಗತಿ ಬರಬೇಕಿಲ್ಲ.

ಎರಡನೆಯದು ಕಾನೂನು. ಪರಂಪರೆಯ ಚರ್ಚೆಯಲ್ಲಿ ನೂರು ವರ್ಷದ ಗೆರೆಯೊಂದೇ ಬಾಯಲ್ಲಿರುತ್ತದೆ. ಆದರೆ 1972ರ ಪುರಾವಸ್ತು ಅಧಿನಿಯಮದ ವ್ಯಾಖ್ಯೆ ಎರಡು ವಯಸ್ಸುಗಳನ್ನು ಹೇಳುತ್ತದೆ: ವಸ್ತುವಿಗೆ ನೂರು, ವೈಜ್ಞಾನಿಕ ಅಥವಾ ಐತಿಹಾಸಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ ಎಪ್ಪತ್ತೈದು. ಕಾರ್ಖಾನೆಯ ಮೊದಲ ಕಾಲು ಶತಮಾನದ ದಾಖಲೆಗಳು ಈ ಗೆರೆಯನ್ನು ಆಗಲೇ ದಾಟಿವೆ. ಇನ್ನೂ ಮುಂದೆ ಹೋದರೆ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮ ಕೇಂದ್ರ ಸರ್ಕಾರದ ಹಿಡಿತದಲ್ಲಿರುವ ನಿಗಮಗಳಿಗೂ ಅನ್ವಯಿಸುತ್ತದೆ. ಇಪ್ಪತ್ತೈದು ವರ್ಷ ದಾಟಿದ ದಾಖಲೆಗಳನ್ನು ರಾಷ್ಟ್ರೀಯ ಪತ್ರಾಗಾರದೊಡನೆ ಸಮಾಲೋಚಿಸಿ ಮೌಲ್ಯಮಾಪನ ಮಾಡಬೇಕೆಂದೂ, ನಿಗದಿತ ಕ್ರಮ ಬಿಟ್ಟು ನಾಶ ಮಾಡಬಾರದೆಂದೂ ಅದು ವಿಧಿಸುತ್ತದೆ. ನೂರು, ಎಪ್ಪತ್ತೈದು, ಇಪ್ಪತ್ತೈದು: ಗೋಡೆಯಿಂದ ಕಾಗದದತ್ತ ಬರುತ್ತಿದ್ದಂತೆ ಕಾನೂನು ಕೇಳುವ ವಯಸ್ಸು ಇಳಿಯುತ್ತ ಹೋಗುತ್ತದೆ. ಪರಂಪರೆಯ ಉತ್ಸಾಹಿಗಳು ಅತಿ ದೂರದ ಗೆರೆಯ ಬಳಿ ಕಾದು ನಿಂತು, ಹತ್ತಿರದ್ದನ್ನು ಗಮನಿಸದೆ ಬಿಟ್ಟಿದ್ದಾರೆ.

ಇದು ನನ್ನ ಅತಿ ದಿಟ್ಟ ಮಾತು, ಆದ್ದರಿಂದ ಅದರ ಮಿತಿಗಳನ್ನೂ ಇಲ್ಲೇ ಹೇಳಬೇಕು. ಪುರಾವಸ್ತು ಅಧಿನಿಯಮದ ಮುಖ್ಯ ಗುರಿ ರಫ್ತು ಮತ್ತು ವ್ಯಾಪಾರದ ನಿಯಂತ್ರಣ. ಕಡತವನ್ನು ಗೆದ್ದಲಿನಿಂದ ಕಾಪಾಡೆಂದು ಅದು ಒಡೆಯನಿಗೆ ಆಜ್ಞಾಪಿಸುವುದಿಲ್ಲ. ನೂರು ವರ್ಷ ತುಂಬುವುದೂ ಬರೀ ಅರ್ಹತೆ, ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ರಕ್ಷಣೆ ದೊರೆಯದು. 1993ರ ಅಧಿನಿಯಮದ ವ್ಯಾಪ್ತಿಯಲ್ಲೂ ಒಂದು ತೊಡಕಿದೆ. ಕಾರ್ಖಾನೆ ಮೊದಲು ಮೈಸೂರು ಸರ್ಕಾರದ್ದು, 1962ರಿಂದ ರಾಜ್ಯದ ಕಂಪನಿ. 1989ರಲ್ಲಿ ಸೈಲ್‌ನ ಅಂಗಸಂಸ್ಥೆಯಾಗಿ 1998ರಲ್ಲಿ ಅದರಲ್ಲಿ ವಿಲೀನವಾಯಿತು. 1989ಕ್ಕೆ ಹಿಂದಿನ ಕಾಗದಗಳು ಕೇಂದ್ರದ ನಿಗಮದ ದಾಖಲೆಗಳೆಂದು ಎಣಿಕೆಯಾಗುತ್ತವೆಯೇ ಎಂಬುದಕ್ಕೆ ಎರಡೂ ಕಡೆ ವಾದ ಮಾಡಬಹುದು. ಅವು ಈಗ ಸೈಲ್‌ನ ವಶದಲ್ಲಿವೆ ಎಂಬ ಕಾರಣಕ್ಕೆ ಎಣಿಕೆಯಾಗಬೇಕೆಂದೇ ನಾನು ಭಾವಿಸುತ್ತೇನೆ. ಇದೇ ಊರಿನ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ರಾಜ್ಯದ ಕಂಪನಿಯಾದ್ದರಿಂದ ಈ ವಾದ ಅಲ್ಲಿಗೆ ಹಾಗೇ ಸಲ್ಲದು.

ಮೂರನೆಯದು ಕೆಲಸದ ಅಳತೆ. ಊದುಕುಲುಮೆಯನ್ನು ಉಳಿಸಲು ಕೋಟಿಗಟ್ಟಲೆ ಹಣ, ಒಡೆಯರ ಒಪ್ಪಿಗೆ, ವರ್ಷಗಳ ಕಾಲ ಬೇಕು. ದಾಖಲೆಯ ಕೆಲಸಕ್ಕೆ ಹತ್ತು ಮಂದಿ, ಒಂದು ಸ್ಕ್ಯಾನರ್, ಬಿಡುವಿರುವ ಸಂಜೆಗಳು ಸಾಕು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣ ಸಾರ್ವಜನಿಕ ಪ್ರಾಧಿಕಾರಗಳು ತಮ್ಮ ದಾಖಲೆಗಳಿಗೆ ಪಟ್ಟಿ, ಸೂಚಿಗಳನ್ನು ಇಡಬೇಕೆನ್ನುತ್ತದೆ. ಆ ಪಟ್ಟಿಯನ್ನು ಕೇಳುವ ಹಕ್ಕು ಯಾವುದೇ ನಾಗರಿಕರಿಗಿದೆ. ಇದೇ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ನಿವೃತ್ತರು, ಇತಿಹಾಸದ ವಿದ್ಯಾರ್ಥಿಗಳು, ಊರಿನ ಆಸಕ್ತರು ಜೊತೆಗೂಡಿದರೆ ಇದು ಊರ ಕೆಲಸವಾಗುತ್ತದೆ. ಗುಂಡಾ ಜೋಯಿಸರು ಕೆಳದಿಯ ತಾಳೆಗರಿಗೆ ಮಾಡಿದ್ದನ್ನು ಹಾಜರಿ ಪುಸ್ತಕಕ್ಕೂ ನೀಲಿನಕ್ಷೆಗೂ ಮಾಡಬೇಕು, ಅಷ್ಟೆ.

ಇದಕ್ಕೆ ಬರಬಹುದಾದ ಆಕ್ಷೇಪ ಗಂಭೀರವಾದದ್ದು. ಕಾಗದ ಮೊದಲು ಎನ್ನುವವರು ಕಟ್ಟಡ ಬಿದ್ದರೂ ಚಿಂತೆಯಿಲ್ಲ ಎನ್ನುವ ಸ್ಥಿತಿಗೆ ಬರುವುದಿಲ್ಲವೇ? ಪರಂಪರೆ ವಸ್ತುವಿನಲ್ಲಿಲ್ಲ, ಅದು ಜನ ನಡೆಸುವ ಒಂದು ಕ್ರಿಯೆ ಎಂದು ಲಾರಾಜೇನ್ ಸ್ಮಿತ್ 2006ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಪರಿಣತರ ಕೈಯಿಂದ ಅಧಿಕಾರವನ್ನು ಕಿತ್ತು ಊರಿನವರಿಗೆ ಕೊಡುವುದರಿಂದ ಆ ವಾದ ನಮಗೆ ಉಪಕಾರಿ. ಆದರೆ ಅದನ್ನು ಕೊನೆವರೆಗೆ ಎಳೆಯಲು ನಾನು ಒಪ್ಪಲಾರೆ. ಶಿಫ್ಟಿನ ಸೈರನ್ನಿಗೆ ಇಡೀ ಊರು ಏಳುತ್ತಿತ್ತು ಎಂಬ ನೆನಪು ಕ್ರಿಯೆಯೇ ಸರಿ, ಆದರೆ ಸೈರನ್ ಕೂಗಲು ಒಂದು ಕಾರ್ಖಾನೆ ಬೇಕಿತ್ತು. ಗುಜರಿಗೆ ಹೋದ ಕುಲುಮೆ ಹಿಂದಕ್ಕೆ ಬಾರದು. ಹಾಗಾಗಿ ಅಪಾಯದ ಅಂಚಿನಲ್ಲಿರುವ ಯಂತ್ರಗಳ ಅಳತೆ, ಛಾಯಾಚಿತ್ರಗಳು ಕಾಗದದ ಕೆಲಸದ ಜೊತೆಯಲ್ಲೇ ನಡೆಯಬೇಕು. 2003ರ ನಿಜ್ನಿ ಟಗಿಲ್ ಸನ್ನದು ಯಂತ್ರ, ಕಟ್ಟಡಗಳಷ್ಟೇ ಅಲ್ಲ, ಕಾರ್ಮಿಕರ ವಸತಿ, ಪೂಜೆ, ಶಿಕ್ಷಣದ ಜಾಗಗಳನ್ನೂ ಕೈಗಾರಿಕಾ ಪರಂಪರೆಯೊಳಗೆ ಸೇರಿಸಿದೆ. ಜರ್ಮನಿಯ ಫೋಲ್ಕ್‌ಲಿಂಗನ್ ಕಬ್ಬಿಣದ ಕಾರ್ಖಾನೆ 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಸನ್ನದಿನ ಕಣ್ಣಿನಿಂದ ನೋಡಿದರೆ ಭದ್ರಾವತಿಯ ನ್ಯೂ ಟೌನಿನಲ್ಲಿರುವ ಕಾರ್ಮಿಕರ ಕ್ವಾರ್ಟರ್ಸ್ ಸಾಲುಗಳು ಕುಲುಮೆಯಷ್ಟೇ ಮುಖ್ಯ.

ಕಡತ ಮೊದಲು ಎಂದಾಗ ನನ್ನ ಮಾತು ಇಷ್ಟಕ್ಕೆ ಸೀಮಿತ: ಕಟ್ಟಡದ ಪರವಾಗಿ ನಾಳೆ ಕಚೇರಿಯಲ್ಲೋ ನ್ಯಾಯಾಲಯದಲ್ಲೋ ನಿಲ್ಲುವವರ ಕೈಯಲ್ಲಿ ಆಧಾರವಿರಬೇಕು, ಆ ಆಧಾರ ಇಂದೇ ಒಟ್ಟಾಗಬೇಕು.

ಇನ್ನೂ ಬಿಡಿಸಬೇಕಾದ ಪ್ರಶ್ನೆಗಳಿವೆ. ಕಡತದಲ್ಲಿ ಕಾಯಂ ನೌಕರರ ಹೆಸರಿರುತ್ತದೆ. ಕಾಡಿನಲ್ಲಿ ಸೌದೆ ಕಡಿದವರು, ಅದಿರು ಹೊತ್ತವರು, ಗುತ್ತಿಗೆಯಲ್ಲಿ ದುಡಿದವರು ಬಹುಮಟ್ಟಿಗೆ ಬರೀ ಲೆಕ್ಕದ ಅಂಕಿಗಳಾಗಿ ಉಳಿಯುತ್ತಾರೆ. ಅವರ ಮಾತಿಗೆ ಯಾವ ಅಧಿನಿಯಮವೂ ವಯಸ್ಸಿನ ಗೆರೆ ಎಳೆದಿಲ್ಲ, ರಕ್ಷಣೆಯನ್ನೂ ಕೊಟ್ಟಿಲ್ಲ. ಭದ್ರಾವತಿಯ ಕೆಲಸದ ನೆನಪು ಕನ್ನಡದಲ್ಲಿರುವಂತೆ ತಮಿಳು, ತೆಲುಗು, ಉರ್ದುಗಳಲ್ಲೂ ಇದೆ. ಅದನ್ನು ಕೇಳಿ ಬರೆದುಕೊಳ್ಳುವ ಕ್ರಮ ಯಾವುದು, ಕಡತದ ಸಾಕ್ಷಿಗೂ ಬಾಯಿಮಾತಿನ ಸಾಕ್ಷಿಗೂ ಭಿನ್ನತೆ ಬಂದಾಗ ತೂಗುವುದು ಹೇಗೆ ಎಂಬುದನ್ನು ಈ ಲೇಖನ ಮುಟ್ಟಿಲ್ಲ. ಕಡತವನ್ನು ಇಂದೇ ಒಟ್ಟುಮಾಡಬೇಕಾದರೂ ಅದು ಒಂದಿಷ್ಟು ಕಾದೀತು. ಕುಲುಮೆಯ ಮುಂದೆ ನಿಂತು ದುಡಿದವರ ವಯಸ್ಸು ಕಾಯುವುದಿಲ್ಲ. ಮುಂದಿನ ಅಧ್ಯಯನ ಅವರ ಮನೆಯಂಗಳದಿಂದಲೇ ಆರಂಭವಾಗಬೇಕು.